ಒಂದು ಕ್ಷಣ ಮಾತ್ರ ಇರೋ ಕಬ್ಬಿಣ: ಕ್ಲೋರಿನ್ ಜೋಡಿಸೋ ಎನ್‌ಜೈಮ್‌ಗಳನ್ನ ನಡುದಾರಿಯಲ್ಲಿ ಹಿಡಿಯೋದು ಹೆಂಗೆ

(ಬಳ್ಳಾರಿಯಲ್ಲಿ ಎಂ.ಎಸ್ಸಿ ಮತ್ತೆ ಬಿ.ಎಸ್ಸಿ ಕೊನೇ ವರ್ಷದ ಕೆಮಿಸ್ಟ್ರಿ ವಿದ್ಯಾರ್ಥಿಗಳ ಮುಂದೆ ಮಾತಾಡಿದ್ದು ಇದು. ಮಾತಾಡಿದ ಹಂಗೇ ಬರ್ದಿದೀನಿ, ಸ್ಲೈಡ್ ತೋರಿಸಿದ ಕಡೆ ಮಾತಲ್ಲೇ ವಿವರಿಸಿದೀನಿ, ಹುಡುಗ್ರು ಹುಡುಗೀರು ಕೇಳಿದ ಪ್ರಶ್ನೆಗಳನ್ನ ಅವು ಬಂದ ಜಾಗದಲ್ಲೇ ಇಟ್ಟಿದೀನಿ.)

ಎಲ್ಲಾರಿಗೂ ನಮಸ್ಕಾರ. ಕಬ್ಬಿಣದ ಬಗ್ಗೆ ಮಾತಾಡೋಕೆ ಬಳ್ಳಾರಿಗಿಂತ ಒಳ್ಳೆ ಊರು ಸಿಗಲ್ಲ. ಸಂಡೂರು ಗುಡ್ಡ, ದೋಣಿಮಲೈ ಗಣಿ, ತೋರಣಗಲ್ಲು ಫ್ಯಾಕ್ಟ್ರಿ, ರಸ್ತೆ ಪಕ್ಕದ ಜಾಲಿ ಗಿಡದ ಮೇಲೆ ಕೂತಿರೋ ಕೆಂಪು ಧೂಳು, ಇದನ್ನೆಲ್ಲ ನೋಡ್ಕೊಂಡೇ ಬೆಳ್ದೋರು ನೀವು. ಆ ಕೆಂಪು ಧೂಳಿನಲ್ಲಿರೋ ಹೆಮಟೈಟ್‌ನಲ್ಲಿ ಕಬ್ಬಿಣ ಪ್ಲಸ್ 3 ಸ್ಥಿತಿಯಲ್ಲಿ ಐತೆ. ಡಾಕ್ಟರ್ ಬರ್ದುಕೊಡೋ ಫೆರಸ್ ಸಲ್ಫೇಟ್ ಮಾತ್ರೆಯಲ್ಲಿ ಪ್ಲಸ್ 2. ಇವೆರಡೂ ಬಾಟಲಿಯಲ್ಲಿ ಹಾಕಿ ಇಟ್ರೆ ವರ್ಷಗಟ್ಟಲೆ ಇರ್ತಾವೆ. ಇವತ್ತು ನಾನು ಹೇಳ್ಬೇಕು ಅಂತ ಬಂದಿರೋದು ಪ್ಲಸ್ 4 ಕಬ್ಬಿಣದ ಬಗ್ಗೆ. ಅದೂ ಪ್ರೋಟೀನ್ ಒಳಗೆ, ಒಂದು ಆಕ್ಸಿಜನ್‌ಗೆ ಡಬಲ್ ಬಾಂಡ್ ಮಾಡ್ಕೊಂಡು, ಪಕ್ಕದಲ್ಲೊಂದು ಕ್ಲೋರಿನ್ ಇಟ್ಕೊಂಡು ಕೂತಿರೋ ಕಬ್ಬಿಣ. ಅದು ಇರೋದು ಸಾಮಾನ್ಯವಾಗಿ ಮಿಲಿಸೆಕೆಂಡಿನಿಂದ ಹಿಡಿದು ಕೆಲವು ಸೆಕೆಂಡು ಅಷ್ಟೇ. ಅಷ್ಟರೊಳಗೆ ಅದು ಮಾಡೋ ಕೆಲಸವನ್ನ ನಾವು ಲ್ಯಾಬಿನಲ್ಲಿ ಮಾಡೋಕೆ ಇವತ್ತಿಗೂ ಒದ್ದಾಡ್ತೀವಿ.

ಮೊದ್ಲು ಕೆಲಸ ಏನು ಅಂತ ನೋಡೋಣ. ಪ್ರಕೃತಿಯಲ್ಲಿ ಕ್ಲೋರಿನ್, ಬ್ರೋಮಿನ್ ಇರೋ ಆರ್ಗಾನಿಕ್ ಕಾಂಪೌಂಡ್‌ಗಳು ಸಾವಿರಗಟ್ಟಲೆ ಅದಾವೆ. ವ್ಯಾಂಕೋಮೈಸಿನ್‌ನಲ್ಲಿ ಎರಡು ಕ್ಲೋರಿನ್, ಕ್ಲೋರಾಂಫೆನಿಕಾಲ್‌ನಲ್ಲಿ ಎರಡು, ಕ್ಲೋರ್‌ಟೆಟ್ರಾಸೈಕ್ಲಿನ್‌ನಲ್ಲಿ ಒಂದು. ಈ ಕೊನೇದು ಇದೆಯಲ್ಲ, 1948ರಲ್ಲಿ ಆರಿಯೋಮೈಸಿನ್ ಅನ್ನೋ ಹೆಸರಲ್ಲಿ ಹೊರಗೆ ಬಂತು, ಮಣ್ಣಿನ ಬ್ಯಾಕ್ಟೀರಿಯಾದಿಂದ ಅದನ್ನ ಹುಡುಕಿದ್ದು ಬೆಂಜಮಿನ್ ಡಗ್ಗರ್, ಆಗ ಅಮೆರಿಕದ ಲೆಡರ್ಲೆ ಕಂಪನಿಯ ಸಂಶೋಧನೆ ನೋಡ್ಕೊಳ್ತಿದ್ದೋರು ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರ ಹೆಸರನ್ನ ನಮ್ಮ ಪಠ್ಯಪುಸ್ತಕಗಳು ಇನ್ನೂ ಸರಿಯಾಗಿ ಹೇಳಲ್ಲ ಅನ್ನೋದು ನನಗೆ ಬೇಜಾರು.

ಈ ಕ್ಲೋರಿನ್‌ಗಳನ್ನ ಜೋಡಿಸೋ ಎನ್‌ಜೈಮ್‌ಗಳಲ್ಲಿ ಬೇರೆ ಬೇರೆ ಜಾತಿ ಅದಾವೆ. ಹೀಮ್, ಅಂದ್ರೆ ರಕ್ತದ ಹಿಮೋಗ್ಲೋಬಿನ್‌ನಲ್ಲಿರೋ ಥರದ ನಡುವೆ ಕಬ್ಬಿಣ ಕೂತ ರಿಂಗ್, ಇರೋವು ಒಂದು ಜಾತಿ. ಕಾಲ್ಡರಿಯೋಮೈಸಿಸ್ ಫ್ಯೂಮಾಗೋ ಅನ್ನೋ ಫಂಗಸ್‌ನ ಕ್ಲೋರೋಪೆರಾಕ್ಸಿಡೇಸ್ ಆ ಪೈಕಿ, ನಮ್ಮ ಬಿಳಿರಕ್ತಕಣದಲ್ಲಿರೋ ಮೈಲೋಪೆರಾಕ್ಸಿಡೇಸ್ ಕೂಡ ಅದೇ ಪೈಕಿ. ಇವು ಹೈಡ್ರೋಜನ್ ಪೆರಾಕ್ಸೈಡ್ ತಗೊಂಡು ಕ್ಲೋರೈಡನ್ನ ಹೈಪೋಕ್ಲೋರಸ್ ಆಸಿಡ್ ಮಾಡ್ತಾವೆ, ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ಹುಟ್ಟೋದೂ ಅದೇ ಆಸಿಡ್ಡು, ನಿಮ್ಮ ಮೈಯೊಳಗಿನ ಕಣಗಳು ರೋಗಾಣು ಕೊಲ್ಲೋಕೆ ಅದನ್ನೇ ತಯಾರು ಮಾಡ್ಕೊಳ್ತಾವೆ. ಇನ್ನೊಂದು ಜಾತಿ ಫ್ಲೇವಿನ್ (ವಿಟಮಿನ್ ಬಿ2ಯಿಂದ ಆಗೋ ಸಹಾಯಕ ಅಣು) ಬಳಸೋವು, ಕ್ಲೋರ್‌ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಇವಕ್ಕೆ ಕ್ಲೋರಿನ್ ಬರೋದು ಅವುಗಳಿಂದ. ಸಮುದ್ರದ ಪಾಚಿಗಳಲ್ಲಿ ವನೇಡಿಯಂ ಇರೋವು ಅದಾವೆ. ಇವೆಲ್ಲದರಲ್ಲೂ ಕ್ಲೋರಿನ್ ಪಾಸಿಟಿವ್ ಥರ ವರ್ತಿಸ್ತೈತೆ, ಅದಕ್ಕೆ ಎಲೆಕ್ಟ್ರಾನ್ ಜಾಸ್ತಿ ಇರೋ ಜಾಗ ಬೇಕು, ಬೆಂಜೀನ್ ರಿಂಗ್, ಇಂಡೋಲ್, ಫೀನಾಲ್, ಅಂಥಾವು. ನಿಮ್ಮ ಎಲೆಕ್ಟ್ರೋಫಿಲಿಕ್ ಸಬ್‌ಸ್ಟಿಟ್ಯೂಷನ್ ಪಾಠ ನೆನಪು ಮಾಡ್ಕೊಳ್ರಿ, ಅಷ್ಟೇ ಅದು.

ಆದ್ರೆ ಒಂದು ಮೀಥೈಲ್ ಗುಂಪು ಕೊಟ್ಟು ಇದರ ಮೇಲೆ ಕ್ಲೋರಿನ್ ಹಾಕು ಅಂದ್ರೆ ಈ ಯಾವ ಜಾತಿಗೂ ಆಗಲ್ಲ. ಮೀಥೈಲ್‌ನ ಸಿ-ಎಚ್ ಬಾಂಡ್ ಮುರಿಯೋಕೆ ಮೋಲ್‌ಗೆ ಸುಮಾರು 100 ಕಿಲೋಕ್ಯಾಲರಿ ಬೇಕು, ಅಲ್ಲಿ ಎಲೆಕ್ಟ್ರಾನ್ ಕೊಡೋಕೆ ಯಾರೂ ಇಲ್ಲ. ಲ್ಯಾಬಿನಲ್ಲಿ ಕ್ಲೋರಿನ್ ಗ್ಯಾಸ್ ಬಿಟ್ಟು ಲೈಟ್ ಹಾಕಿದ್ರೆ ರಿಯಾಕ್ಷನ್ ಆಗ್ತೈತೆ ಖರೆ, ಆದ್ರೆ ಎಲ್ಲಿ ಬೇಕೋ ಅಲ್ಲಿ ಮಾತ್ರ ಆಗಲ್ಲ, ಎಲ್ಲಾ ಕಡೆ ಆಗಿ ಕಲಸುಮೇಲೋಗರ ಆಗ್ತೈತೆ.

ಸ್ಯೂಡೋಮೋನಾಸ್ ಸಿರಿಂಗೆ ಅಂತ ಒಂದು ಬ್ಯಾಕ್ಟೀರಿಯಾ, ಗಿಡಗಳಿಗೆ ರೋಗ ತರೋದು. ಅದು ಸಿರಿಂಗೋಮೈಸಿನ್ ಅನ್ನೋ ವಿಷ ಮಾಡ್ತೈತೆ, ಗಿಡದ ಜೀವಕೋಶದ ಪೊರೆಯಲ್ಲಿ ತೂತು ಮಾಡೋ ವಿಷ. ಆ ವಿಷದಲ್ಲಿ ಥ್ರಿಯೋನಿನ್ ಅನ್ನೋ ಅಮೈನೋ ಆಸಿಡ್‌ನ ತುದಿಯ ಮೀಥೈಲ್ ಮೇಲೆ ಒಂದೇ ಒಂದು ಕ್ಲೋರಿನ್ ಐತೆ. ಅದನ್ನ ಹಾಕೋ ಎನ್‌ಜೈಮ್ ಸಿರ್‌ಬಿ2. ಕ್ರಿಸ್ಟೊಫರ್ ವಾಲ್ಶ್ ಅವರ ಗುಂಪು 2005ರಲ್ಲಿ ತೋರಿಸ್ತು, ಇದಕ್ಕೆ ಹೀಮ್ ಬೇಕಾಗಿಲ್ಲ, ಪೆರಾಕ್ಸೈಡ್ ಬೇಕಾಗಿಲ್ಲ, ಬೇಕಾಗಿರೋದು ಪ್ಲಸ್ 2 ಕಬ್ಬಿಣ, ಆಲ್ಫಾ-ಕೀಟೋಗ್ಲೂಟರೇಟ್ ಅನ್ನೋ ಜೀವಕೋಶದಲ್ಲಿರೋ ಪುಟ್ಟ ಆರ್ಗಾನಿಕ್ ಆಸಿಡ್, ಕ್ಲೋರೈಡ್ ಮತ್ತು ಗಾಳಿಯಲ್ಲಿರೋ ಆಕ್ಸಿಜನ್. ಥ್ರಿಯೋನಿನ್ ಕೂಡ ಬಿಡಿಯಾಗಿ ಬರಂಗಿಲ್ಲ, ಸಿರ್‌ಬಿ1 ಅನ್ನೋ ಇನ್ನೊಂದು ಪ್ರೋಟೀನ್ ಅದನ್ನ ಒಂದು ಉದ್ದ ಕೈಗೆ ಕಟ್ಕೊಂಡು ತಂದು ಒಳಗೆ ಇಡ್ಬೇಕು. ಈ ಉದ್ದ ಕೈ ವಿಷಯ ಮರೀಬ್ಯಾಡ್ರಿ, ಮುಂದೆ ಬೇಕಾಗ್ತೈತೆ.

ಈ ಥರ ಆಲ್ಫಾ-ಕೀಟೋಗ್ಲೂಟರೇಟ್ ಬಳಸೋ ಕಬ್ಬಿಣದ ಎನ್‌ಜೈಮ್‌ಗಳು ಹೊಸವೇನಲ್ಲ. ನಮ್ಮ ಮೈಯಲ್ಲಿ ಕೊಲಾಜನ್‌ನ ಪ್ರೋಲಿನ್‌ಗೆ ಓಎಚ್ ಹಾಕೋದು ಅಂಥದ್ದೇ ಒಂದು, ವಿಟಮಿನ್ ಸಿ ಕಡಿಮೆಯಾದ್ರೆ ಒಸಡಲ್ಲಿ ರಕ್ತ ಬರೋದು ಆ ಎನ್‌ಜೈಮ್ ಸರಿಯಾಗಿ ಕೆಲಸ ಮಾಡ್ದೇ ಇರೋದಕ್ಕೆ. ಅವೆಲ್ಲ ಹೈಡ್ರಾಕ್ಸಿಲೇಸ್‌ಗಳು, ಅಂದ್ರೆ ಎಚ್ ತೆಗೆದು ಓಎಚ್ ಹಾಕೋವು. ಅವುಗಳಲ್ಲಿ ಕಬ್ಬಿಣವನ್ನ ಹಿಡ್ಕೊಂಡಿರೋದು ಎರಡು ಹಿಸ್ಟಿಡಿನ್, ಒಂದು ಕಾರ್ಬಾಕ್ಸಿಲೇಟ್, ಅಂದ್ರೆ ಆಸ್ಪಾರ್ಟೇಟ್ ಅಥವಾ ಗ್ಲೂಟಮೇಟ್. 2006ರಲ್ಲಿ ಕ್ಯಾಥರೀನ್ ಡ್ರೆನ್ನನ್ ಮತ್ತು ವಾಲ್ಶ್ ಅವರ ಗುಂಪುಗಳು ಸಿರ್‌ಬಿ2ದ ಕ್ರಿಸ್ಟಲ್ ರಚನೆ ಬಿಡಿಸಿದ್ರು, ನೋಡಿದ್ರೆ ಆ ಕಾರ್ಬಾಕ್ಸಿಲೇಟ್ ಇರ್ಬೇಕಾದ ಜಾಗದಲ್ಲಿ ಅಲಾನಿನ್ ಐತೆ. ಅಲಾನಿನ್‌ಗೆ ಕಬ್ಬಿಣ ಹಿಡಿಯೋ ಕೈಯೇ ಇಲ್ಲ. ಖಾಲಿಯಾದ ಆ ಜಾಗದಲ್ಲಿ ಕ್ಲೋರೈಡ್ ಬಂದು ನೇರವಾಗಿ ಕಬ್ಬಿಣಕ್ಕೆ ಅಂಟ್ಕೊಂಡಿತ್ತು. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದೇ ಆ ಚಿತ್ರ ನೋಡಿ.

ಇಲ್ಲೊಬ್ಬ ಹುಡುಗ ಕೈ ಎತ್ತಿ ಕೇಳಿದ: "ಸರ್, ಕ್ರಿಸ್ಟಲ್ ಸ್ಟ್ರಕ್ಚರ್ ಸಿಕ್ಮೇಲೆ ಇನ್ನೇನು ಉಳೀತು? ಎಲ್ಲಾ ಗೊತ್ತಾದಂಗೇ ಅಲ್ವಾ?"

ಬಹಳ ಒಳ್ಳೆ ಪ್ರಶ್ನೆ ಇದು, ಇವತ್ತಿನ ಮಾತೆಲ್ಲ ಇದರ ಮೇಲೇ ನಿಂತಿರೋದು. ಕ್ರಿಸ್ಟಲ್ ತೋರಿಸೋದು ರಿಯಾಕ್ಷನ್ ಶುರುವಾಗೋಕೆ ಮುಂಚಿನ ಎನ್‌ಜೈಮ್‌ನ, ಇಲ್ಲಾ ಮುಗಿದ ಮೇಲಿಂದ. ಕೆಲಸ ನಡೆಯೋ ಹೊತ್ತಿನ ಕಬ್ಬಿಣ ಅದರಲ್ಲಿ ಇರಂಗಿಲ್ಲ. ಪುಸ್ತಕದಲ್ಲಿ ಮೆಕ್ಯಾನಿಸಂ ಹಿಂಗೆ ಬರೀತಾರೆ: ಆಕ್ಸಿಜನ್ ಬಂದು ಕಬ್ಬಿಣಕ್ಕೆ ಸೇರ್ತೈತೆ, ಕೀಟೋಗ್ಲೂಟರೇಟ್ ಒಂದು ಕಾರ್ಬನ್ ಡೈ ಆಕ್ಸೈಡ್ ಬಿಟ್ಟು ಸಕ್ಸಿನೇಟ್ ಆಗ್ತೈತೆ, ಉಳಿದ ಆಕ್ಸಿಜನ್ ಪರಮಾಣು ಕಬ್ಬಿಣಕ್ಕೆ ಡಬಲ್ ಬಾಂಡ್ ಆಗಿ ಕೂಡ್ತೈತೆ, ಕಬ್ಬಿಣ ಪ್ಲಸ್ 4 ಆಗ್ತೈತೆ. ಇದಕ್ಕೆ ಫೆರಿಲ್ ಅಂತಾರೆ. ಫೆರಿಲ್ ಸಬ್‌ಸ್ಟ್ರೇಟ್‌ನಿಂದ, ಅಂದ್ರೆ ಎನ್‌ಜೈಮ್ ಯಾವುದರ ಮೇಲೆ ಕೆಲಸ ಮಾಡ್ತೈತೋ ಆ ವಸ್ತುವಿನಿಂದ, ಒಂದು ಎಚ್ ಕಿತ್ಕೊಳ್ತೈತೆ, ಕಬ್ಬಿಣ ಪ್ಲಸ್ 3 ಆಗಿ ಓಎಚ್ ಇಟ್ಕೊಂಡು ನಿಲ್ತೈತೆ, ಎದುರಿಗೆ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್ ಉಳಿದ ಕಾರ್ಬನ್ ರ‍್ಯಾಡಿಕಲ್. ಈಗ ಕಬ್ಬಿಣದ ಹತ್ರ ಕೊಡೋಕೆ ಎರಡು ಅದಾವೆ, ಒಂದು ಓಎಚ್, ಒಂದು ಕ್ಲೋರಿನ್. ರ‍್ಯಾಡಿಕಲ್ ಯಾವುದನ್ನ ತಗೊಳ್ತೈತೆ? ಸಿರ್‌ಬಿ2ದಲ್ಲಿ ಕ್ಲೋರಿನ್ ತಗೊಳ್ತೈತೆ. ಯಾಕೆ? ಇದು ಕಾಗದದ ಮೇಲೆ ಬಾಣದ ಗುರುತು ಹಾಕಿ ಉತ್ತರ ಹೇಳೋ ಪ್ರಶ್ನೆ ಅಲ್ಲ. ಆ ಫೆರಿಲ್ ನಿಜವಾಗ್ಲೂ ಐತಾ, ಹೆಂಗೆ ಕೂತೈತೆ, ಕ್ಲೋರಿನ್ ಅದಕ್ಕೆ ಇನ್ನೂ ಅಂಟ್ಕೊಂಡೈತಾ, ಸಬ್‌ಸ್ಟ್ರೇಟ್ ಎಷ್ಟು ದೂರ ಐತೆ, ಇದನ್ನೆಲ್ಲ ಒಂದೊಂದಾಗಿ ಅಳತೆ ಮಾಡ್ಬೇಕು. ಒಂದೇ ಮಷಿನ್ ಇಷ್ಟಕ್ಕೂ ಉತ್ತರ ಕೊಡಲ್ಲ.

ಮೊದಲ ಮಷಿನ್ ಸ್ಟಾಪ್ಡ್ ಫ್ಲೋ. ಎರಡು ಸಿರಿಂಜ್, ಒಂದರಲ್ಲಿ ಆಕ್ಸಿಜನ್ ತೆಗೆದ ಎನ್‌ಜೈಮ್, ಕಬ್ಬಿಣ, ಕೀಟೋಗ್ಲೂಟರೇಟ್, ಸಬ್‌ಸ್ಟ್ರೇಟ್, ಇನ್ನೊಂದರಲ್ಲಿ ಆಕ್ಸಿಜನ್ ತುಂಬಿದ ಬಫರ್. ಎರಡನ್ನೂ ಒಂದೇ ಸಲ ಜೋರಾಗಿ ತಳ್ಳಿದ್ರೆ ಒಂದೆರಡು ಮಿಲಿಸೆಕೆಂಡಿನಲ್ಲಿ ಬೆರೆತು ಲೈಟಿನ ಮುಂದೆ ನಿಲ್ತಾವೆ, ಬೆಳಕು ಹೀರೋದು ಸಮಯದ ಜೊತೆ ಹೆಂಗೆ ಬದಲಾಗ್ತೈತೆ ಅಂತ ರೆಕಾರ್ಡ್ ಆಗ್ತೈತೆ. 2003ರಲ್ಲಿ ಮಾರ್ಟಿ ಬೋಲಿಂಜರ್ ಮತ್ತು ಕಾರ್ಸ್‌ಟೆನ್ ಕ್ರೆಬ್ಸ್ ಅವರು ಟಾವ್‌ಡಿ ಅನ್ನೋ ಹೈಡ್ರಾಕ್ಸಿಲೇಸ್‌ನಲ್ಲಿ ಹಿಂಗೆ ಮಾಡಿದಾಗ 318 ನ್ಯಾನೋಮೀಟರ್‌ನಲ್ಲಿ ಏನೋ ಒಂದು ಹುಟ್ಟಿ ಸತ್ತುಹೋಗೋದು ಕಾಣಿಸ್ತು. ಅದಕ್ಕೆ ಜೆ ಅಂತ ಹೆಸರಿಟ್ರು. ಆದ್ರೆ 318ರಲ್ಲಿ ಹೀರಿಕೆ ಐತೆ ಅಂದ್ರೆ ಅದು ಪ್ಲಸ್ 4 ಕಬ್ಬಿಣ ಅಂತ ಹೆಂಗೆ ಹೇಳ್ತೀರಿ? ಎಷ್ಟೋ ವಸ್ತುಗಳು ಅಲ್ಲಿ ಬೆಳಕು ಹೀರ್ತಾವೆ. ಸ್ಟಾಪ್ಡ್ ಫ್ಲೋ ಹೇಳೋದು ಯಾವಾಗ ಅನ್ನೋದನ್ನ, ಏನು ಅನ್ನೋದನ್ನ ಅಲ್ಲ.

ಏನು ಅಂತ ಕೇಳ್ಬೇಕಾದ್ರೆ ಕಬ್ಬಿಣವನ್ನೇ ನೇರವಾಗಿ ಕೇಳ್ಬೇಕು. ಅದಕ್ಕೆ ಮಾಸ್‌ಬೌವರ್.

ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ಎಂ.ಎಸ್ಸಿಯಲ್ಲಿ ಇದನ್ನ ಎರಡು ಪುಟದಲ್ಲಿ ಮುಗಿಸಿ ಪರೀಕ್ಷೆಗೆ ಐದು ಮಾರ್ಕಿಗೆ ಕೇಳಿ ಬಿಟ್ಬಿಡ್ತಾರೆ, ಅದರ ಚಂದ ಯಾರಿಗೂ ಸಿಗಲ್ಲ. ಕಬ್ಬಿಣದ ಐಸೋಟೋಪ್‌ಗಳಲ್ಲಿ ಕಬ್ಬಿಣ-57 ಅಂತ ಒಂದು ಐತೆ, ಪ್ರಕೃತಿಯಲ್ಲಿ ನೂರಕ್ಕೆ ಸುಮಾರು 2.1 ಮಾತ್ರ. ಸಂಡೂರಿನ ಅದಿರಲ್ಲೂ ಅಷ್ಟೇ, ನಿಮ್ಮ ರಕ್ತದಲ್ಲೂ ಅಷ್ಟೇ. ಇದರ ನ್ಯೂಕ್ಲಿಯಸ್ 14.4 ಕಿಲೋ ಎಲೆಕ್ಟ್ರಾನ್ ವೋಲ್ಟ್ ಗಾಮಾ ಕಿರಣ ಹೀರ್ಕೊಂಡು ಮೇಲಿನ ಸ್ಥಿತಿಗೆ ಹೋಗ್ತೈತೆ. ಅದೇ ಗಾಮಾ ಕಿರಣ ಕೊಡೋ ಮೂಲ ಕೋಬಾಲ್ಟ್-57, ಅದರ ಅರ್ಧಾಯುಷ್ಯ ಸುಮಾರು 272 ದಿನ. ತೊಂದರೆ ಏನಂದ್ರೆ ಗಾಮಾ ಬಿಡೋ ನ್ಯೂಕ್ಲಿಯಸ್ ಹಿಂದಕ್ಕೆ ಒದೆ ತಿಂತೈತೆ, ಹೀರೋದೂ ಒದೆ ತಿಂತೈತೆ, ಆ ಒದೆಯಲ್ಲಿ ಎನರ್ಜಿ ಸೋರಿ ಹೋಗಿ ಬಿಟ್ಟಿದ್ದಕ್ಕೂ ಹೀರೋದಕ್ಕೂ ತಾಳೆ ಆಗಂಗಿಲ್ಲ. ನೀವು ಆನೆಗೊಂದಿ ಕಡೆ ತುಂಗಭದ್ರೆಯಲ್ಲಿ ಹರಿಗೋಲಿನಿಂದ ದಡಕ್ಕೆ ಜಿಗಿದಿದ್ರೆ ಗೊತ್ತಿರ್ತೈತೆ, ಜಿಗಿದ ಕೂಡ್ಲೇ ಹರಿಗೋಲು ಹಿಂದೆ ಸರೀತೈತೆ, ನೀವು ಅಂದ್ಕೊಂಡಷ್ಟು ದೂರ ಬೀಳಲ್ಲ. ಅದೇ ಹರಿಗೋಲನ್ನ ಬಂಡೆಗೆ ಬಿಗಿಯಾಗಿ ಕಟ್ಟಿದ್ರೆ ಸರಿಯಂಗಿಲ್ಲ, ಜಿಗಿತ ಪೂರ್ತಿ ಸಿಗ್ತೈತೆ. ರುಡಾಲ್ಫ್ ಮಾಸ್‌ಬೌವರ್ 1958ರಲ್ಲಿ ಕಂಡಿದ್ದು ಇದನ್ನೇ: ಪರಮಾಣು ಗಟ್ಟಿ ವಸ್ತುವಿನೊಳಗೆ ಕೂತಿದ್ರೆ ಕೆಲವು ಸಲ ಒದೆಯನ್ನ ಇಡೀ ಹರಳು ತಗೊಳ್ತೈತೆ, ಎನರ್ಜಿ ಸೋರಲ್ಲ. ಅವರು ಕಂಡಿದ್ದು ಇರಿಡಿಯಂನಲ್ಲಿ, ಕಬ್ಬಿಣಕ್ಕೆ ಅದು ಆಮೇಲೆ ಬಂತು. ಮೂವತ್ತು ದಾಟೋದರೊಳಗೆ ಮಾಡಿದ ಕೆಲಸ, 1961ರಲ್ಲಿ ನೊಬೆಲ್.

ಇದರಿಂದ ಸಿಗೋ ಸೂಕ್ಷ್ಮತೆ ಎಷ್ಟು ಅಂದ್ರೆ, ಮೂಲವನ್ನ ಸೆಕೆಂಡಿಗೆ ಒಂದು ಮಿಲಿಮೀಟರ್ ವೇಗದಲ್ಲಿ ಹಿಂದೆ ಮುಂದೆ ಆಡಿಸಿದ್ರೆ ಸಾಕು, ಗಾಮಾ ಕಿರಣದ ಎನರ್ಜಿ ಮೂವತ್ತು ಸಾವಿರ ಕೋಟಿಯಲ್ಲಿ ಒಂದು ಭಾಗ ಬದಲಾಗ್ತೈತೆ, ಆ ಬದಲಾವಣೆಯನ್ನೂ ನ್ಯೂಕ್ಲಿಯಸ್ ಗುರುತಿಸ್ತೈತೆ. ಅದಕ್ಕೇ ಮಾಸ್‌ಬೌವರ್ ಗ್ರಾಫಿನ ಅಡ್ಡ ಅಕ್ಷದಲ್ಲಿ ಎನರ್ಜಿ ಬದಲು ಮಿಲಿಮೀಟರ್ ಪರ್ ಸೆಕೆಂಡ್ ಅಂತ ಬರ್ದಿರ್ತಾರೆ, ಮೊದ್ಲ ಸಲ ನೋಡಿದೋರಿಗೆ ಗಾಬರಿ ಆಗ್ತೈತೆ. ಕಬ್ಬಿಣದ ಸುತ್ತ ಎಷ್ಟು ಎಲೆಕ್ಟ್ರಾನ್ ಐತೆ ಅನ್ನೋದರ ಮೇಲೆ ಗೆರೆ ಎಡಕ್ಕೋ ಬಲಕ್ಕೋ ಸರೀತೈತೆ, ಅದು ಐಸೋಮರ್ ಶಿಫ್ಟ್. ಸುತ್ತಲಿನ ಆಕಾರ ಎಷ್ಟು ಸೊಟ್ಟ ಐತೆ ಅನ್ನೋದರ ಮೇಲೆ ಗೆರೆ ಎರಡಾಗಿ ಸೀಳ್ತೈತೆ, ಅದು ಕ್ವಾಡ್ರುಪೋಲ್ ಸ್ಪ್ಲಿಟಿಂಗ್. ಹೆಮಟೈಟ್ ಥರ ಮ್ಯಾಗ್ನೆಟಿಕ್ ಆಗಿದ್ರೆ ಆರು ಗೆರೆ ಬರ್ತಾವೆ, ನಮ್ಮ ಅದಿರಿನ ಪುಡಿ ಇಟ್ರೆ ಚಂದಾಗಿ ಆರು ಗೆರೆ ಕಾಣ್ತಾವೆ. 2004ರಲ್ಲಿ ಮಂಗಳ ಗ್ರಹದ ಮೇಲೆ ಇಳಿದ ಸ್ಪಿರಿಟ್, ಆಪರ್ಚುನಿಟಿ ರೋವರ್‌ಗಳಲ್ಲಿ ಪುಟ್ಟ ಮಾಸ್‌ಬೌವರ್ ಮಷಿನ್ ಇತ್ತು, ಆಪರ್ಚುನಿಟಿ ಅಲ್ಲಿ ಹೆಮಟೈಟ್ ಗುರುತಿಸಿದ್ದು ಅದರಿಂದಾನೇ. ಕೋಬಾಲ್ಟ್ ಸವೀತಾ ಹೋದಂಗೆ ಒಂದೊಂದು ಅಳತೆಗೂ ಬೇಕಾಗೋ ಸಮಯ ಜಾಸ್ತಿ ಆಗ್ತಾ ಹೋಯ್ತು.

ಸರಿ, ಎನ್‌ಜೈಮ್‌ಗೆ ವಾಪಸ್ ಬರೋಣ. ಅಳತೆ ಮಾಡೋಕೆ ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ಬೇಕು, ಫೆರಿಲ್ ಇರೋದು ಕ್ಷಣ ಮಾತ್ರ. ಹಂಗಾಗಿ ಫ್ರೀಜ್ ಕ್ವೆಂಚ್, ಅಂದ್ರೆ ರಿಯಾಕ್ಷನ್ನನ್ನ ನಡುವೆಯೇ ಥಟ್ಟನೆ ಹೆಪ್ಪುಗಟ್ಟಿಸಿ ನಿಲ್ಲಿಸೋದು. ಸ್ಯಾಂಪಲ್ ಹೆಂಗೆ ಮಾಡ್ತಾರೆ ಅಂತ ಬಿಡಿಸಿ ಹೇಳ್ತೀನಿ, ಇದು ಪುಸ್ತಕದಲ್ಲಿ ಸಿಗಲ್ಲ. ಮೊದ್ಲು ಕಬ್ಬಿಣವೇ ಇಲ್ಲದ ಎನ್‌ಜೈಮ್ ತಯಾರು ಮಾಡ್ಬೇಕು. ಕಬ್ಬಿಣ-57 ಲೋಹವಾಗಿ ಸಿಗ್ತೈತೆ, ಬಹಳ ದುಬಾರಿ, ಅದರ ಚೂರನ್ನ ಆಸಿಡ್‌ನಲ್ಲಿ ಕರಗಿಸಿ, ಆಕ್ಸಿಜನ್ ಇಲ್ಲದ ಗ್ಲೋವ್ ಬಾಕ್ಸ್ ಒಳಗೆ ಎನ್‌ಜೈಮ್‌ಗೆ ಸೇರಿಸ್ಬೇಕು. ಎನ್‌ಜೈಮ್ ಮಿಲಿಮೋಲಾರ್ ಲೆಕ್ಕದಲ್ಲಿ ಇರ್ಬೇಕು, ಅಂದ್ರೆ ದ್ರಾವಣ ಅಂಟಂಟಾಗೋಷ್ಟು ಪ್ರೋಟೀನ್. ಆಮೇಲೆ ಸಿರಿಂಜಿನಲ್ಲಿ ತುಂಬಿ ಆಕ್ಸಿಜನ್ ಜೊತೆ ಬೆರೆಸಿ, ಬೆರೆತಿದ್ದು ಒಂದು ಸಣ್ಣ ಕೊಳವೆಯಲ್ಲಿ ಹರಿಯೋಷ್ಟು ಹೊತ್ತು ಮಾತ್ರ ರಿಯಾಕ್ಷನ್‌ಗೆ ಬಿಟ್ಟು, ತುದಿಯ ಸೂಜಿ ತೂತಿನಿಂದ ಮೈನಸ್ 150 ಡಿಗ್ರಿ ಆಸುಪಾಸು ಇರೋ ಐಸೋಪೆಂಟೇನ್‌ಗೆ ಸಿಂಪಡಿಸ್ತಾರೆ. ಬಿದ್ದ ಹನಿ ಬಿದ್ದಲ್ಲೇ ಪುಡಿಯಾಗಿ ಹೆಪ್ಪುಗಟ್ಟುತ್ತೆ. ಕೊಳವೆ ಉದ್ದ ಮಾಡಿದ್ರೆ ಸಮಯ ಜಾಸ್ತಿ, ಗಿಡ್ಡ ಮಾಡಿದ್ರೆ ಕಡಿಮೆ. ಆ ಪುಡಿಯನ್ನ ತಣ್ಣಗಿದ್ದಂಗೇ ಉದ್ದ ಕಡ್ಡಿಯಿಂದ ಒತ್ತಿ ಒತ್ತಿ ಬೆರಳ ತುದಿಯಷ್ಟು ಪುಟ್ಟ ಬಟ್ಟಲಿಗೆ ತುಂಬಿಸ್ಬೇಕು, ಆಮೇಲೆ ಲಿಕ್ವಿಡ್ ನೈಟ್ರೋಜನ್‌ನಿಂದ ಹೊರಗೆ ಬರಂಗಿಲ್ಲ. ಒಂದು ಸಲ ಕರಗಿದ್ರೆ ಒಳಗಿದ್ದ ಫೆರಿಲ್ ಹೋಯ್ತು ಅಂತಾನೇ ಲೆಕ್ಕ. ಏಪ್ರಿಲ್ ತಿಂಗಳ ಬಳ್ಳಾರಿ ಬಿಸಿಲಲ್ಲಿ ನೈಟ್ರೋಜನ್ ಕ್ಯಾನ್ ಹೊತ್ಕೊಂಡು ಓಡಾಡೋದು ಹೆಂಗಿರ್ತೈತೆ ಅಂತ ನೀವೇ ಊಹೆ ಮಾಡ್ರಿ.

ಅಳತೆ ಸುಮಾರು 4 ಕೆಲ್ವಿನ್‌ನಲ್ಲಿ, ಲಿಕ್ವಿಡ್ ಹೀಲಿಯಂನಲ್ಲಿ. ಬರೋ ಗ್ರಾಫ್ ಒಂದೇ ವಸ್ತುವಿಂದಲ್ಲ, ಇನ್ನೂ ರಿಯಾಕ್ಷನ್ ಆಗದೇ ಇರೋ ಪ್ಲಸ್ 2 ಕಬ್ಬಿಣ ಸೆಕೆಂಡಿಗೆ 1.2 ಮಿಲಿಮೀಟರ್ ಹತ್ರ ಐಸೋಮರ್ ಶಿಫ್ಟ್ ತೋರಿಸ್ಕೊಂಡು ಅಲ್ಲೇ ಕೂತಿರ್ತೈತೆ. ಟಾವ್‌ಡಿಯಲ್ಲಿ ಅದರ ಜೊತೆ ಹೊಸದಾಗಿ ಕಂಡ ಜೋಡಿ ಗೆರೆಯ ಐಸೋಮರ್ ಶಿಫ್ಟ್ 0.31, ಸ್ಪ್ಲಿಟಿಂಗ್ 0.88. 1.2 ಎಲ್ಲಿ, 0.31 ಎಲ್ಲಿ! ಅಷ್ಟು ಕೆಳಗೆ ಬಂತು ಅಂದ್ರೆ ಕಬ್ಬಿಣ ಎಲೆಕ್ಟ್ರಾನ್ ಕಳ್ಕೊಂಡೈತೆ ಅಂತಾನೇ ಅರ್ಥ. ಮ್ಯಾಗ್ನೆಟಿಕ್ ಫೀಲ್ಡ್ ಹಾಕಿ ನೋಡಿದಾಗ ನಾಲ್ಕು ಜೋಡಿಯಾಗದ ಎಲೆಕ್ಟ್ರಾನ್ ಇರೋ ಹೈ ಸ್ಪಿನ್ ಪ್ಲಸ್ 4 ಕಬ್ಬಿಣ ಅಂತ ಗೊತ್ತಾಯ್ತು. ಇಪಿಆರ್, ಅಂದ್ರೆ ಜೋಡಿಯಾಗದ ಎಲೆಕ್ಟ್ರಾನ್‌ಗಳನ್ನ ಮ್ಯಾಗ್ನೆಟಿಕ್ ಫೀಲ್ಡ್‌ನಲ್ಲಿ ಇಟ್ಟು ಹುಡುಕೋ ವಿಧಾನ, ಮಾಡಬಾರದಿತ್ತಾ ಅಂತ ಕೆಲವರು ಕೇಳ್ಬಹುದು, ಜೋಡಿಯಾಗದ ಎಲೆಕ್ಟ್ರಾನ್ ಸಂಖ್ಯೆ ಸಮ ಆದಾಗ ಮಾಮೂಲಿ ಇಪಿಆರ್‌ಗೆ ಅದು ಹೆಚ್ಚಾಗಿ ಕಾಣ್ಸಲ್ಲ. ಆಮೇಲೆ ರಾಮನ್. 1928ರಲ್ಲಿ ಕಲ್ಕತ್ತಾದಲ್ಲಿ ಸಿ.ವಿ. ರಾಮನ್ ಕಂಡ ಅದೇ ಪರಿಣಾಮದ ರೆಸೊನೆನ್ಸ್ ರೂಪ ಬಳಸಿ ನೋಡಿದಾಗ ಕಬ್ಬಿಣ-ಆಕ್ಸಿಜನ್ ಕಂಪನ 821 ವೇವ್ ನಂಬರ್‌ನಲ್ಲಿ ಸಿಕ್ತು, ಆಕ್ಸಿಜನ್-18 ಹಾಕಿದ್ರೆ 787ಕ್ಕೆ ಇಳೀತು. ಹಾಕಿದ ಆಕ್ಸಿಜನ್ ಅಲ್ಲೇ ಕೂತೈತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹೈಡ್ರಾಕ್ಸಿಲೇಸ್‌ನಲ್ಲಿ ಸಿಕ್ಕಿದ್ದು ಹ್ಯಾಲೋಜಿನೇಸ್‌ನಲ್ಲೂ, ಅಂದ್ರೆ ಸಿರ್‌ಬಿ2 ಥರ ಕ್ಲೋರಿನ್, ಬ್ರೋಮಿನ್ ಹಾಕೋ ಎನ್‌ಜೈಮ್‌ನಲ್ಲೂ, ಸಿಗ್ತೈತಾ? 2007ರಲ್ಲಿ ಸೈಟ್‌ಸಿ3 ಅನ್ನೋ ಹ್ಯಾಲೋಜಿನೇಸ್‌ನಲ್ಲಿ ಅದೇ ಗುಂಪು, ವಾಲ್ಶ್ ಅವರ ಜೊತೆ ಸೇರಿ ಹುಡುಕಿದಾಗ ಒಂದಲ್ಲ, ಎರಡು ಪ್ಲಸ್ 4 ಕಬ್ಬಿಣ ಸಿಕ್ತು. ಐಸೋಮರ್ ಶಿಫ್ಟ್ ಒಂದಕ್ಕೆ 0.30, ಇನ್ನೊಂದಕ್ಕೆ 0.22, ಎರಡೂ ಒಂದರಿಂದ ಒಂದಕ್ಕೆ ಬೇಗ ಬೇಗ ಬದಲಾಗ್ತಾ ಇರೋವು. ಕ್ಲೋರಿನ್ ಇನ್ನೂ ಕಬ್ಬಿಣಕ್ಕೆ ಅಂಟ್ಕೊಂಡೈತಾ ಅನ್ನೋದನ್ನ ಮಾಸ್‌ಬೌವರ್ ನೇರವಾಗಿ ಹೇಳಲ್ಲ. ಅದಕ್ಕೆ ಎಕ್ಸ್-ರೇ ಬೇಕು, ಎಕ್ಸಾಫ್ಸ್ ಅಂತಾರೆ, ಸಿಂಕ್ರೊಟ್ರಾನ್ ಅನ್ನೋ, ಬಹಳ ಜೋರಾದ ಎಕ್ಸ್-ರೇ ಕೊಡೋ ದೊಡ್ಡ ಮಷಿನ್‌ನಲ್ಲಿ ಮಾಡೋದು, ನಮ್ಮ ದೇಶದಲ್ಲಿ ಇಂದೋರ್‌ನ ಇಂಡಸ್-2ರಲ್ಲಿ ಈ ಥರ ಬೀಮ್‌ಲೈನ್ ಐತೆ. ಇಲ್ಲೊಂದು ಜಾಣತನ ನೋಡ್ರಿ. ಕ್ಲೋರೈಡ್ ಬದಲು ಬ್ರೋಮೈಡ್ ಕೊಟ್ರು. ಬ್ರೋಮಿನ್ ಭಾರ, ಎಕ್ಸ್-ರೇಗೆ ಚೆನ್ನಾಗಿ ಕಾಣ್ತೈತೆ. ಕಬ್ಬಿಣದಿಂದ 1.62 ಆಂಗ್‌ಸ್ಟ್ರಾಮ್ ದೂರದಲ್ಲಿ ಆಕ್ಸಿಜನ್, 2.43 ಆಂಗ್‌ಸ್ಟ್ರಾಮ್‌ನಲ್ಲಿ ಬ್ರೋಮಿನ್. ಒಂದೇ ಕಬ್ಬಿಣದ ಮೇಲೆ ಎರಡೂ ಒಟ್ಟಿಗೇ ಕೂತಿರೋದು ಖಾತ್ರಿ ಆಯ್ತು.

ಒಬ್ಬಳು ವಿದ್ಯಾರ್ಥಿನಿ ಕೇಳಿದಳು: "ಸರ್, ಎರಡೂ ಅಲ್ಲೇ ಇದ್ಮೇಲೆ ಓಎಚ್ ಯಾಕೆ ಹೋಗಲ್ಲ? ಹೈಡ್ರಾಕ್ಸಿಲೇಸ್‌ನಲ್ಲಿ ಓಎಚ್‌ಗೆ ಏನೂ ತೊಂದರೆ ಇಲ್ವಲ್ಲ?"

ಅದೇ ಮುಖ್ಯ ಪ್ರಶ್ನೆ. ಕ್ಲೋರಿನ್ ಸ್ವಭಾವಾನೇ ಹಂಗೆ, ಅದಕ್ಕೆ ರ‍್ಯಾಡಿಕಲ್ ಜೊತೆ ಸೇರೋದು ಸಲೀಸು ಅಂತ ಹೇಳಿ ಮುಗಿಸ್ಬಹುದಿತ್ತು. ಆದ್ರೆ 2009ರಲ್ಲಿ ಮೇಗನ್ ಮ್ಯಾಥ್ಯೂಸ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ ಅದು ಸಾಲಲ್ಲ ಅಂತ ತೋರಿಸ್ತು, ನನ್ನ ಪ್ರಕಾರ ಈ ಕ್ಷೇತ್ರದಲ್ಲೇ ಅತಿ ಚಂದದ ಪ್ರಯೋಗ ಅದು. ಸಿರ್‌ಬಿ1ರ ಉದ್ದ ಕೈಗೆ ಥ್ರಿಯೋನಿನ್ ಬದಲು ನಾರ್‌ವ್ಯಾಲಿನ್ ಕಟ್ಟಿದ್ರು. ಥ್ರಿಯೋನಿನ್‌ಗೆ ನಾಲ್ಕು ಕಾರ್ಬನ್, ನಾರ್‌ವ್ಯಾಲಿನ್‌ಗೆ ಐದು, ತುದಿಯ ಮೀಥೈಲ್ ಒಂದು ಹೆಜ್ಜೆ ಮುಂದಕ್ಕೆ ಚಾಚ್ಕೊಂಡು ಆಕ್ಸಿಜನ್ ಹತ್ರ ಹೋಗ್ತೈತೆ. ಆಗ ಏನಾಯ್ತು? ಫೆರಿಲ್ ಖರ್ಚಾಗೋ ವೇಗ 130 ಪಟ್ಟು ಜಾಸ್ತಿ ಆಯ್ತು, ಮತ್ತೆ ಐದನೇ ಕಾರ್ಬನ್ ಮೇಲೆ ಹೆಚ್ಚಾಗಿ ಕೂತಿದ್ದು ಓಎಚ್! ಅದೇ ಎನ್‌ಜೈಮ್, ಅದೇ ಕಬ್ಬಿಣ, ಅದೇ ಕ್ಲೋರಿನ್, ಮೀಥೈಲ್ ನಿಂತ ಜಾಗ ಬದಲಾಗಿದ್ದಕ್ಕೆ ಹ್ಯಾಲೋಜಿನೇಸ್ ಹೋಗಿ ಹೈಡ್ರಾಕ್ಸಿಲೇಸ್ ಆಗ್ಬಿಡ್ತು. ಅಷ್ಟಕ್ಕೇ ಬಿಡ್ಲಿಲ್ಲ ಅವರು. ಐದನೇ ಕಾರ್ಬನ್ ಮೇಲಿನ ಹೈಡ್ರೋಜನ್‌ಗಳನ್ನ ತೆಗೆದು ಡ್ಯೂಟೀರಿಯಂ, ಅಂದ್ರೆ ಭಾರವಾದ ಹೈಡ್ರೋಜನ್ ಐಸೋಟೋಪ್, ಇಟ್ರು. ಡ್ಯೂಟೀರಿಯಂ ಕೀಳೋದು ಫೆರಿಲ್‌ಗೆ ಬಹಳ ನಿಧಾನ. ಐದನೇದು ಕಷ್ಟ ಆಯ್ತಲ್ಲ, ಫೆರಿಲ್ ನಾಲ್ಕನೇ ಕಾರ್ಬನ್‌ಗೆ ಕೈ ಹಾಕ್ತು, ಅಲ್ಲಿ ಕೂತಿದ್ದು ಹೆಚ್ಚಾಗಿ ಕ್ಲೋರಿನ್. ಥ್ರಿಯೋನಿನ್‌ನಲ್ಲೂ ಕ್ಲೋರಿನ್ ಕೂರೋದು ನಾಲ್ಕನೇ ಕಾರ್ಬನ್ ಮೇಲೇ ಅಲ್ವಾ. ಅಂದ್ರೆ ಓಎಚ್‌ನಿಂದ ದೂರ, ಕ್ಲೋರಿನ್‌ಗೆ ಹತ್ರ ನಿಂತ ಕಾರ್ಬನ್‌ಗೆ ಕ್ಲೋರಿನ್, ಆಕ್ಸಿಜನ್ ಮುಂದೆ ನಿಂತಿದ್ದಕ್ಕೆ ಓಎಚ್.

ಇದರ ಅರ್ಥ ಬಹಳ ದೊಡ್ಡದು. ಸಿರ್‌ಬಿ2 ತನ್ನ ಸ್ವಂತ ಸಬ್‌ಸ್ಟ್ರೇಟನ್ನ ಬೇಕಂತಲೇ ಆಕ್ಸಿಜನ್‌ಗೆ ದೂರ, ಅನಾನುಕೂಲ ಜಾಗದಲ್ಲಿ ನಿಲ್ಲಿಸೈತೆ. ಎಚ್ ಕೀಳೋದು ನಿಧಾನ ಆದ್ರೂ ಚಿಂತೆ ಇಲ್ಲ, ಆಮೇಲೆ ಸಿಗೋದು ಕ್ಲೋರಿನ್ನೇ ಆಗ್ಬೇಕು. ನಾವು ಕ್ಯಾಟಲಿಸ್ಟ್ ಡಿಸೈನ್ ಮಾಡುವಾಗ ವೇಗ ವೇಗ ಅಂತ ಓಡ್ತೀವಿ, ಇಲ್ಲಿ ಎನ್‌ಜೈಮ್ ವೇಗವನ್ನ ಬಿಟ್ಟುಕೊಟ್ಟು ಆಯ್ಕೆಯನ್ನ ಉಳಿಸ್ಕೊಂಡೈತೆ. ನಾನು ಇಲ್ಲಿಗೆ ಬಂದು ಹೇಳ್ಬೇಕು ಅಂದ್ಕೊಂಡಿದ್ದ ವಿಷಯ ಇದೇ. ಮತ್ತೆ ಈ ನಿಧಾನದಿಂದ ನಮಗೂ ಒಂದು ಲಾಭ ಆಯ್ತು, ಕ್ಲೋರಿನ್ ಇರೋ ಆ ಫೆರಿಲ್ ಸೆಕೆಂಡುಗಟ್ಟಲೆ ಉಳಿಯೋದರಿಂದ ಅದನ್ನ ಹಿಡಿದು ಅಳೆಯೋಕೆ ಸಾಧ್ಯ ಆಯ್ತು.

ಹಿಡಿದು ಅಳೆದೋರು ಎಡ್ವರ್ಡ್ ಸೊಲೊಮನ್ ಅವರ ಗುಂಪು, ಬೋಲಿಂಜರ್ ಕ್ರೆಬ್ಸ್ ಅವರ ಜೊತೆ, 2013ರಲ್ಲಿ. ವಿಧಾನದ ಹೆಸರು ನ್ಯೂಕ್ಲಿಯರ್ ರೆಸೊನೆನ್ಸ್ ವೈಬ್ರೇಷನಲ್ ಸ್ಪೆಕ್ಟ್ರೊಸ್ಕೋಪಿ. ಇದೂ ಕಬ್ಬಿಣ-57ರ ಅದೇ 14.4 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬಳಸ್ತೈತೆ, ಆದ್ರೆ ಕೋಬಾಲ್ಟ್ ಬದಲು ಸಿಂಕ್ರೊಟ್ರಾನ್‌ನ ಎಕ್ಸ್-ರೇ, ಜಪಾನಿನ ಸ್ಪ್ರಿಂಗ್-8, ಶಿಕಾಗೋ ಹತ್ರದ ಅಡ್ವಾನ್ಸ್ಡ್ ಫೋಟಾನ್ ಸೋರ್ಸ್ ಅಂಥ ಕಡೆ. ಮಾಸ್‌ಬೌವರ್‌ನಲ್ಲಿ ಕಂಪನಕ್ಕೆ ಎನರ್ಜಿ ಹೋಗದೇ ಇರೋ ಭಾಗ ನೋಡ್ತೀವಿ, ಇಲ್ಲಿ ಕಂಪನಕ್ಕೆ ಹೋದ ಭಾಗವನ್ನೇ ನೋಡ್ತೀವಿ. ರಾಮನ್, ಐಆರ್‌ನಲ್ಲಿ ಪ್ರೋಟೀನ್‌ನ ಸಾವಿರಾರು ಪರಮಾಣುಗಳ ಕಂಪನ ಒಟ್ಟಿಗೆ ಬಂದು ಗಲಾಟೆ ಆಗ್ತೈತೆ, ಇದರಲ್ಲಿ ಕಬ್ಬಿಣ ಅಲುಗಾಡೋ ಕಂಪನ ಮಾತ್ರ ಕಾಣ್ತೈತೆ, ಬೇರೆ ಯಾವುದೂ ಇಲ್ಲ. ಕ್ಲೋರೈಡ್ ಜೊತೆ ಒಂದ್ಸಲ, ಬ್ರೋಮೈಡ್ ಜೊತೆ ಒಂದ್ಸಲ ಅಳೆದು, ಲೆಕ್ಕಾಚಾರದ ಜೊತೆ ಹೋಲಿಸಿ ನೋಡಿದ್ರು. ಐದು ಕಡೆ ಕೈ ಇರೋ ಟ್ರೈಗೋನಲ್ ಬೈಪಿರಮಿಡ್ ಆಕಾರ, ಮತ್ತೆ ಕಬ್ಬಿಣ-ಆಕ್ಸಿಜನ್ ಬಾಂಡು ಸಬ್‌ಸ್ಟ್ರೇಟ್‌ನ ಸಿ-ಎಚ್‌ಗೆ ಎದುರಾಗಿ ನಿಂತಿಲ್ಲ, ಅಡ್ಡಡ್ಡ ನಿಂತೈತೆ. ಎಚ್ ಬರೋದು ಪೈ ಆರ್ಬಿಟಲ್ ಕಡೆಯಿಂದ. ಎಚ್ ಕೊಟ್ಟ ಮೇಲೆ ರ‍್ಯಾಡಿಕಲ್ ಕ್ಲೋರಿನ್ ಕಡೆ ಮುಖ ಮಾಡಿರ್ತೈತೆ. 2009ರ ಪ್ರಯೋಗ ಕೆಮಿಸ್ಟ್ರಿಯಿಂದ ಹೇಳಿದ್ದನ್ನ ಇದು ಆಕಾರದಿಂದ ಹೇಳ್ತು. ಆಮೇಲೆ 2015ರಲ್ಲಿ ಆಕ್ಸಿಜನ್ ಬದಲು ನೈಟ್ರಿಕ್ ಆಕ್ಸೈಡ್ ಕೊಟ್ಟು, ಹಂಗೆ ಮಾಡಿದ್ರೆ ಕಬ್ಬಿಣ ಇಪಿಆರ್‌ಗೆ ಕಾಣ್ತೈತೆ, ಸಬ್‌ಸ್ಟ್ರೇಟ್‌ನ ಡ್ಯೂಟೀರಿಯಂ ಎಷ್ಟು ದೂರ ಐತೆ ಅಂತ ಅಳೆದ್ರು, ಕ್ಲೋರಿನ್ ತಗೊಳ್ಳೋ ಸಬ್‌ಸ್ಟ್ರೇಟ್ ದೂರ, ಓಎಚ್ ತಗೊಳ್ಳೋದು ಹತ್ರ. ಮೂರು ಬೇರೆ ಬೇರೆ ದಾರಿ, ಮೂರೂ ಒಂದೇ ಕಡೆ ಬಂದು ನಿಂತ್ವು.

ಎನ್‌ಜೈಮ್ ಇಲ್ಲದೇ ಬರೀ ಪುಟ್ಟ ಕಾಂಪ್ಲೆಕ್ಸ್‌ನಲ್ಲಿ ಇದನ್ನ ಮಾಡೋಕಾಗ್ತೈತಾ ಅನ್ನೋದು ಇನ್ನೊಂದು ದೊಡ್ಡ ಕೆಲಸ, ಅದನ್ನ ಬೇಗ ಹೇಳಿ ಮುಂದೆ ಹೋಗ್ತೀನಿ. 2003ರಲ್ಲಿ ಲಾರೆನ್ಸ್ ಕ್ಯೂ ಮತ್ತು ಸಂಗಡಿಗರು ಹೀಮ್ ಇಲ್ಲದ ಫೆರಿಲ್‌ನ ಕ್ರಿಸ್ಟಲ್ ರಚನೆ ಕೊಟ್ರು, ಆದ್ರೆ ಅದರಲ್ಲಿ ಜೋಡಿಯಾಗದ ಎಲೆಕ್ಟ್ರಾನ್ ಎರಡೇ, ಎನ್‌ಜೈಮ್‌ನಲ್ಲಿ ನಾಲ್ಕು. 2016ರಲ್ಲಿ ಅವರದೇ ಗುಂಪು ನಾಲ್ಕು ಎಲೆಕ್ಟ್ರಾನ್ ಇರೋ, ಪಕ್ಕದಲ್ಲೇ ಕ್ಲೋರಿನ್ ಅಥವಾ ಬ್ರೋಮಿನ್ ಇರೋ ಫೆರಿಲ್ ಮಾಡಿ, ತಣ್ಣಗಿನ ದ್ರಾವಣದಲ್ಲಿ ಅದು ಸಿ-ಎಚ್ ಮೇಲೆ ಹ್ಯಾಲೋಜನ್ ಹಾಕೋದನ್ನ ತೋರಿಸ್ತು.

ಮತ್ತೆ ಒಂದು ಪ್ರಶ್ನೆ ಬಂತು, ಹಿಂದಿನ ಸಾಲಿಂದ: "ಹಂಗಾದ್ರೆ ಯಾವುದೇ ಹೈಡ್ರಾಕ್ಸಿಲೇಸ್ ತಗೊಂಡು ಆ ಆಸ್ಪಾರ್ಟೇಟ್ ಕಿತ್ತುಹಾಕಿದ್ರೆ ಹ್ಯಾಲೋಜಿನೇಸ್ ಆಗ್ತೈತಾ?"

ಎಲ್ಲಾರೂ ಮೊದ್ಲು ಅಂದ್ಕೊಂಡಿದ್ದು ಹಂಗೇ. ಟಾವ್‌ಡಿಯಲ್ಲಿ ಆಸ್ಪಾರ್ಟೇಟ್ ತೆಗೆದು ಅಲಾನಿನ್ ಹಾಕಿ ನೋಡಿದ್ರು, ಕ್ಲೋರಿನ್ ಹಾಕ್ಲಿಲ್ಲ. ಸಿರ್‌ಬಿ2ದಲ್ಲಿ ಅಲಾನಿನ್ ತೆಗೆದು ಆಸ್ಪಾರ್ಟೇಟ್ ಹಾಕಿದ್ರೆ ಒಳ್ಳೆ ಹೈಡ್ರಾಕ್ಸಿಲೇಸೂ ಆಗ್ಲಿಲ್ಲ. ಜಾಗ ಖಾಲಿ ಮಾಡೋದು ಒಂದು ಷರತ್ತು, ಸಬ್‌ಸ್ಟ್ರೇಟ್ ಸರಿಯಾದ ಕೋನದಲ್ಲಿ ನಿಲ್ಲೋದು ಇನ್ನೊಂದು ಷರತ್ತು. 2017ರಲ್ಲಿ ಸ್ಯಾಡ್‌ಎ ಅನ್ನೋ ಹೈಡ್ರಾಕ್ಸಿಲೇಸ್‌ನಲ್ಲಿ ಆಸ್ಪಾರ್ಟೇಟನ್ನ ಗ್ಲೈಸಿನ್ ಮಾಡಿದಾಗ ಕ್ಲೋರಿನ್ ಹಾಕೋದು ಸಾಧ್ಯ ಆಯ್ತು. ಅದನ್ನ ಕಣ್ಣುಮುಚ್ಚಿ ಆರಿಸ್ಕೊಂಡಿರ್ಲಿಲ್ಲ, ಅಲ್ಲಿ ಸಬ್‌ಸ್ಟ್ರೇಟ್ ನಿಲ್ಲೋ ರೀತಿ ಹ್ಯಾಲೋಜಿನೇಸ್‌ಗೆ ಹತ್ರ ಐತೆ ಅಂತ ರಚನೆ ನೋಡಿ ಗುರುತಿಸಿದ್ರು. ವರ್ಷಗಟ್ಟಲೆ ಹೆಪ್ಪುಗಟ್ಟಿದ ಪುಡಿ ಮುಂದೆ ಕೂತು ಕಲಿತಿದ್ದು ಇಂಥಾ ಕಡೆ ಕೆಲಸಕ್ಕೆ ಬರ್ತೈತೆ. ಇನ್ನೊಂದು ಗೊತ್ತಾ, ಸಿರ್‌ಬಿ2ಗೆ ಕ್ಲೋರೈಡ್ ಬದಲು ಅಜೈಡ್ ಅಥವಾ ನೈಟ್ರೈಟ್ ಕೊಟ್ರೆ ಸಿ-ಎಚ್ ಮೇಲೆ ಅದನ್ನೇ ಹಾಕ್ತೈತೆ, 2014ರಲ್ಲಿ ತೋರಿಸಿದ್ರು. ಅದೇ ವರ್ಷ ವೆಲ್‌ಓ5 ಅನ್ನೋದು ಸಿಕ್ತು, ಅದಕ್ಕೆ ಉದ್ದ ಕೈಯ ಪ್ರೋಟೀನ್ ಬೇಕಾಗಿಲ್ಲ, ಸಬ್‌ಸ್ಟ್ರೇಟ್ ಬಿಡಿಯಾಗಿ ಬಂದ್ರೂ ಕ್ಲೋರಿನ್ ಹಾಕ್ತೈತೆ. 2019ರಲ್ಲಿ ಮಿಶೆಲ್ ಚಾಂಗ್ ಅವರ ಗುಂಪು ಬೆಸ್‌ಡಿ ವಿವರ ಕೊಟ್ಟಿತು, ಅದು ಬಿಡಿ ಲೈಸಿನ್ ಮೇಲೇ ಕ್ಲೋರಿನ್ ಹಾಕ್ತೈತೆ. ಔಷಧ ಮಾಡೋರಿಗೆ ಇವು ಬೇಕಾಗಿರೋದು ಯಾಕೆ ಅಂತ ನಾನು ಬಿಡಿಸಿ ಹೇಳ್ಬೇಕಾಗಿಲ್ಲ.

ಕೊನೇ ಪ್ರಶ್ನೆ, ಗಂಗಾವತಿಯಿಂದ ಬಂದ ಹುಡುಗಿದು: "ಫ್ಲೋರಿನ್ ಹಾಕ್ತಾವಾ ಸರ್ ಇವು? ಈಗಿನ ಮೆಡಿಸಿನ್‌ನಲ್ಲಿ ಫ್ಲೋರಿನ್ ಅಲ್ವಾ ಜಾಸ್ತಿ ಇರೋದು?"

ಸಿರ್‌ಬಿ2 ಥರದ ಪ್ರಕೃತಿಯ ಹ್ಯಾಲೋಜಿನೇಸ್‌ಗಳು ಕ್ಲೋರಿನ್, ಬ್ರೋಮಿನ್ ಹಾಕ್ತಾವೆ, ಫ್ಲೋರಿನ್ ಹಾಕಲ್ಲ. ಫ್ಲೋರೈಡ್ ನೀರನ್ನ ಬಿಟ್ಟು ಬರೋದೇ ಕಷ್ಟ, ಬಂದು ಕಬ್ಬಿಣಕ್ಕೆ ಅಂಟಿದ್ರೆ ಆ ಬಾಂಡ್ ಬಹಳ ಗಟ್ಟಿ, ರ‍್ಯಾಡಿಕಲ್‌ಗೆ ಸುಲಭಕ್ಕೆ ಬಿಟ್ಟುಕೊಡಂಗಿಲ್ಲ. ಪ್ರಕೃತಿಯಲ್ಲಿ ಫ್ಲೋರಿನ್ ಹಾಕೋ ಎನ್‌ಜೈಮ್ ಒಂದು ಐತೆ, 2002ರಲ್ಲಿ ಡೇವಿಡ್ ಓಹೇಗನ್ ಅವರ ಗುಂಪು ಹುಡುಕಿದ್ದು. ಅದರಲ್ಲಿ ಕಬ್ಬಿಣವೂ ಇಲ್ಲ ರ‍್ಯಾಡಿಕಲ್ಲೂ ಇಲ್ಲ, ನೀವು ಬಿ.ಎಸ್ಸಿಯಲ್ಲಿ ಓದಿರೋ ಎಸ್‌ಎನ್2 ರಿಯಾಕ್ಷನ್ ಅದು. ಆ ಎನ್‌ಜೈಮ್ ಸಿಕ್ಕಿದ್ದು ಸ್ಟ್ರೆಪ್ಟೊಮೈಸಿಸ್ ಕ್ಯಾಟ್ಲಿಯಾ ಅನ್ನೋ ಬ್ಯಾಕ್ಟೀರಿಯಾದಲ್ಲಿ, ಈಗ ಹೇಳಿದ ಬೆಸ್‌ಡಿ ಇರೋದೂ ಅದೇ ಬ್ಯಾಕ್ಟೀರಿಯಾದಲ್ಲಿ. ಫ್ಲೋರಿನ್‌ಗೆ ಒಂದು ದಾರಿ, ಕ್ಲೋರಿನ್‌ಗೆ ಕಬ್ಬಿಣದ ದಾರಿ, ಎರಡನ್ನೂ ಒಂದೇ ಜೀವಕೋಶ ಇಟ್ಕೊಂಡೈತೆ.